ಹೆಂಚಿನ ಮುನಿವೆಂಕಟಪ್ಪ ಕೇಳುವ ಒಂದೇ ಪ್ರಶ್ನೆ

ಬೆನ್ಸನ್ ಟೌನಿನ ಒಂದು ಅಡುಗೆಮನೆ. ಬೆಳಕು ಈಗಷ್ಟೇ ಹರಿಯುತ್ತಿದೆ. ಬಾಗಿಲು ಕಿಟಕಿಯೆಲ್ಲ ಮುಚ್ಚಿ, ಒಲೆ ಹಚ್ಚಬೇಡಿ ಎಂದು ತಾಕೀತು ಮಾಡಿ, ಮುನಿವೆಂಕಟಪ್ಪ ಕತ್ತಲೆಯಲ್ಲಿ ನೆಲದ ಮೇಲೆ ಅಂಗಾತ ಮಲಗಿದ್ದಾರೆ. ಪಕ್ಕದಲ್ಲಿ ಉದ್ದನೆಯ ಬಿದಿರು ಕೋಲು. ಮನೆಯೊಡತಿ ಶಾಂತಕುಮಾರಿಯವರು ಬಾಗಿಲಾಚೆಯಿಂದ ಕೂಗುತ್ತಾರೆ: "ಆಯ್ತೇನಪ್ಪಾ? ಮನೆಯವರು ಕಾಫಿ ಕುಡಿದು ಫ್ಯಾಕ್ಟರಿಗೆ ಹೋಗ್ಬೇಕು."

"ತಡೀರಮ್ಮ, ಸೂರ್ಯ ಇನ್ನೂ ನಿಮ್ಮ ಕಾಂಪೌಂಡು ಹತ್ತಿಲ್ಲ."

ಹತ್ತುತ್ತಾನೆ. ಎಳೆಬಿಸಿಲು ಹೆಂಚಿನ ಸಂದಿಗಳಿಗೆ ಓರೆಯಾಗಿ ನುಗ್ಗುತ್ತದೆ. ತಲೆಯ ಮೇಲೆ ಒಂದೊಂದೇ ಬೆಳಕಿನ ಚುಕ್ಕಿ ಮೂಡುತ್ತದೆ. ಮುನಿವೆಂಕಟಪ್ಪ ಮಲಗಿದಲ್ಲಿಂದಲೇ ಕೋಲು ಎತ್ತಿ ಚುಕ್ಕಿಗಳನ್ನು ತೋರಿಸುತ್ತಾರೆ. "ಇದು ಬರೀ ತೋರುತ್ತೆ, ಸೋರಲ್ಲ. ಇದು ಸೋರುತ್ತೆ. ಇದು ಬೆಕ್ಕು ಮಾಡಿದ್ದು. ಅಗೋ, ಎರಡು ಇಳಿಜಾರು ಕೂಡೋ ನೆತ್ತಿ ಹತ್ರ ಸಾಲಾಗಿ ಐತಲ್ಲ, ಅಲ್ಲಿ ಗಾರೆ ಬಿಟ್ಟೈತೆ. ಚುಕ್ಕಿಯೆಲ್ಲ ಹೋಗಿ ಕತ್ತಲಾದ್ರೆ ಕೆಲಸ ಆಯ್ತು ಅಂತ ಲೆಕ್ಕ."

ನಮ್ಮ ಜನಕ್ಕೆ ತಲೆಯ ಮೇಲೆ ಏನಿದೆ ಎಂದು ನೋಡುವ ಅಭ್ಯಾಸವಿಲ್ಲ. ಗೋಡೆಗೆ ಬಣ್ಣ ಬೇಕು, ಬಾಗಿಲಿಗೆ ಹಿತ್ತಾಳೆ ಹಿಡಿ ಬೇಕು; ಸೂರಿನ ನೆನಪಾಗುವುದು ಹಾಸಿಗೆ ಒದ್ದೆಯಾದಾಗ. ಆಗ ಈ ಮನುಷ್ಯನಿಗೆ ಬುಲಾವು. ಕಂಟೋನ್ಮೆಂಟಿನ ಅದೆಷ್ಟು ಮನೆಗಳು ಇವರ ದಯೆಯಿಂದ ಒಣಗಿವೆಯೋ, ಒಂದರಲ್ಲೂ ಇವರ ಹೆಸರು ಗೊತ್ತಿಲ್ಲ. ಎಲ್ಲರಿಗೂ ಇವರು 'ಹೆಂಚಿನವನು'.

ನನ್ನನ್ನು ಇವರ ಬೆನ್ನು ಹತ್ತುವಂತೆ ಮಾಡಿದ್ದು ಒಂದು ಕುತೂಹಲ. ಇವರು ಬಂದ ಕೆಲಸದಲ್ಲಿ ಅರ್ಧವನ್ನು ಬೇಡವೆನ್ನುತ್ತಾರಂತೆ. ಕರೆದವರಿಗೇ "ಇದನ್ನ ನೀವೇ ಮಾಡ್ಕೊಳ್ಳಿ" ಎನ್ನುತ್ತಾರಂತೆ. ಹೊಟ್ಟೆಪಾಡಿನ ಮನುಷ್ಯ ಹೀಗೆಲ್ಲಾದರೂ ಮಾಡುತ್ತಾನೆಯೇ?

ಮಾಡುತ್ತಾರೆ. ಬಾಗಿಲು ತೆಗೆದಾಗ ಶಾಂತಕುಮಾರಿಯವರು ಕೇಳುವುದೆಲ್ಲಕ್ಕೂ ಮುನಿವೆಂಕಟಪ್ಪನವರದು ಒಂದೇ ಮರುಪ್ರಶ್ನೆ: "ಕೆಟ್ಟರೆ ಎಲ್ಲಿ ಬೀಳುತ್ತೆ?"

ಗೋಡೆಗೆ ಸುಣ್ಣ ಹೊಡೆಯಬೇಕು. "ಕೆಟ್ಟರೆ ಎಲ್ಲಿ ಬೀಳುತ್ತೆ? ನಿಮ್ಮ ಸೀರೆ ಮೇಲೆ. ನೀವೇ ಹೊಡೀರಿ." ಸೂರಿನಂಚಿನ ಹೆಂಚು ಜಾರಿದೆ. "ಮೇಜು ಹತ್ತಿ ಒಳಗಿಂದ ಮೇಲಕ್ಕೆ ತಳ್ಳಿ. ಒಡೆದ್ರೆ ಒಂದು ಹೆಂಚು." ಗೋಡೆಗೊಂದು ಮೊಳೆ ಹೊಡೆಯಬೇಕು. "ಅದಕ್ಕೂ ನನ್ನ ಕರೆದ್ರೆ ನಿಮ್ಮ ಯಜಮಾನರಿಗೆ ಕೈ ಯಾಕಮ್ಮಾ, ಊಟಕ್ಕಾ?" ವಿಮಾನ ಕಾರ್ಖಾನೆಯ ಯಜಮಾನರು ಹಿಂದೆ ನಿಂತು ಗಹಗಹಿಸುತ್ತಾರೆ. ನೆತ್ತಿಯ ಸಾಲು? "ಅದು ಕೆಟ್ಟರೆ ನಿಮ್ಮೆಲ್ಲರ ತಲೆ ಮೇಲೆ. ಅದಕ್ಕೆ ಕಸುಬಿನವನೇ ಬೇಕು."

"ಹಾಗಾದರೆ ಯಾವತ್ತು ಹತ್ತುತ್ತೀರಿ?"

ಮುನಿವೆಂಕಟಪ್ಪ ತಮ್ಮ ಎಡಗಾಲನ್ನು ನೋಡಿಕೊಳ್ಳುತ್ತಾರೆ. "ಹೇಳಿ ಕಳಿಸ್ತೀನಮ್ಮ." ಅಷ್ಟೇ. ಕೋಲು ಹೆಗಲಿಗೇರುತ್ತದೆ.

ಇವರದು ಕೃಷ್ಣರಾಜಪುರದ ಆಚೆಯ ಹಳ್ಳಿ. ಮೀಸೆ ಮೂಡುವ ಮೊದಲೇ ಬಂದು ಸೋಲ್ಜರುಗಳ ಬ್ಯಾರಕ್ಕಿಗೆ ಹೆಂಚು ಹೊತ್ತರು. ಹೊರುತ್ತಾ ಹೊದಿಸುವುದನ್ನು ಕಲಿತರು. ಎರಡನೇ ಮಹಾಯುದ್ಧದ ವರ್ಷಗಳಲ್ಲಿ ಹೊಸ ಹೆಂಚು ಕಣ್ಣಿಗೆ ಬೀಳುತ್ತಿರಲಿಲ್ಲ. ಹಳೆಯದನ್ನೇ ಉಜ್ಜಿ, ತಿರುಗಿಸಿ, ಜೋಡಿಸಿದರು. ಯುದ್ಧ ಮುಗಿದು ವರ್ಷವಾಗುತ್ತಾ ಬಂತು, ಈಗಲೂ ಅದೇ ಗತಿ.

ಹಲಸೂರಿಗೆ ನಡೆಯುತ್ತಾ ಕೇಳುತ್ತೇನೆ, ಆ ಪ್ರಶ್ನೆ ಹುಟ್ಟಿದ್ದು ಹೇಗೆ? ಅವರು ನಗುತ್ತಾರೆ. "ನನ್ನ ಬಾಯಿಂದಾನೇ ಒಂದು ಸೂರು ಹೋಯ್ತು ಸ್ವಾಮಿ. ಬನ್ನಿ, ಸೂರು ಕಳ್ಕೊಂಡೋನನ್ನೇ ಕೇಳಿ."

ಸೂರು ಕಳೆದುಕೊಂಡವರು ಹಲಸೂರಿನಲ್ಲಿ ಸೈಕಲ್ ರಿಪೇರಿ ಮಾಡುವ ಇನಾಯತ್ ಉಲ್ಲಾ. ಒಮ್ಮೆ ಅವರ ಮನೆಯಲ್ಲಿ ಒಂದು ಹನಿ ಸೋರುತ್ತಿತ್ತು. ಮುನಿವೆಂಕಟಪ್ಪ ನೋಡಿ, ಇಷ್ಟಕ್ಕೆ ನಾನ್ಯಾಕೆ, ಸ್ವಲ್ಪ ಕೈಯಾಡಿಸಿ ಸಾಕು ಎಂದು ಹೊರಟುಬಿಟ್ಟರು. ಸಾರಿನ ಪಾತ್ರೆಗೆ ಸೌಟಾಡಿಸಿದ ಹಾಗೆ, ಆಚೀಚೆ ಸ್ವಲ್ಪ ಸರಿಸಿ ಎಂಬುದು ಅವರ ಮನಸ್ಸಿನಲ್ಲಿದ್ದದ್ದು. ಆದರೆ ಹೆಂಚಿನವರ ಬಾಯಲ್ಲಿ ಕೈಯಾಡಿಸುವುದೆಂದರೆ ಹೆಂಚನ್ನೆಲ್ಲ ಇಳಿಸಿ, ಮತ್ತೆ ಸೂರಿನಂಚಿನಿಂದ ನೆತ್ತಿಯವರೆಗೆ ಹೊದಿಸುವುದು. ಮನೆಯಲ್ಲಿ ಉರ್ದು ಆಡುವ ಇನಾಯತ್ ಉಲ್ಲಾ ಆ ಮಾತು ಕೇಳಿದ್ದದ್ದು ಹೆಂಚಿನವರ ಬಾಯಲ್ಲಿ ಮಾತ್ರ.

"ನಾನು, ನನ್ನ ತಮ್ಮ, ಇಬ್ಬರೂ ಹತ್ತಿ ಪೂರಾ ಇಳಿಸ್ಬಿಟ್ವಿ," ಎನ್ನುತ್ತಾರೆ ಇನಾಯತ್ ಉಲ್ಲಾ, ಟ್ಯೂಬಿಗೆ ಗಾಳಿ ಹೊಡೆಯುತ್ತಾ. "ಆಮೇಲೆ ಹೊದಿಸೋದು ಹೆಂಗೆ? ಯಾರಿಗ್ ಗೊತ್ತು! ಸಾಯಂಕಾಲ ಮಳೆ. ಅಕ್ಕಿ, ಹಾಸಿಗೆ, ನಮ್ಮ ಅಮ್ಮ, ಎಲ್ಲಾ ಒದ್ದೆ. ಅಮ್ಮ ಬೈದಿದ್ದು ಬೈಗುಳ ಅಲ್ಲ ಸಾಬ್, ಸಿಡ್ಲು!"

ಮುನಿವೆಂಕಟಪ್ಪ ಆ ಮಳೆಯಲ್ಲೇ ಓಡಿಬಂದು ಟಾರ್ಪಾಲು ಕಟ್ಟಿದರಂತೆ, ಮರುದಿನ ಹೆಂಚನ್ನೆಲ್ಲ ತಾವೇ ಹೊದಿಸಿಕೊಟ್ಟರಂತೆ. "ಅವತ್ತಿಂದ 'ನೀವೇ ಮಾಡಿ' ಅನ್ನೋಕ್ ಮುಂಚೆ ಕೆಟ್ಟರೆ ಎಲ್ಲಿ ಬೀಳುತ್ತೆ ಅಂತ ಕೇಳ್ತೀನಿ. ಅವರಿಗಲ್ಲ, ನನಗೇ."

"ಕೆಲಸ ಬೇಡ ಅನ್ನೋದು ಯಾಕೆ?"

"ಮಳೆಗೆ ಮುಂಚೆ ಸಿಗೋ ದಿನ ಎಷ್ಟು ಸ್ವಾಮಿ? ಅದನ್ನ ಮೊಳೆ ಹೊಡೆದು ಕಳೆದ್ರೆ ನೆತ್ತಿ ಬಿಟ್ಟಿರೋ ಮನೆಗೆ ಯಾರು ಹೋಗ್ತಾರೆ?"

ಎಲ್ಲರಿಗೂ ಇದು ಒಪ್ಪಿಗೆಯಿಲ್ಲ. ಜೊತೆಯಲ್ಲೇ ಹೆಂಚು ಹೊದಿಸುತ್ತಿದ್ದ ಬ್ಲಾಕ್‌ಪಲ್ಲಿಯ ಹಬೀಬ್ ಇದೇ ಕಾರಣಕ್ಕೆ ಜಗಳವಾಡಿ ಬೇರೆಯಾದರು. 'ನೀನು ಊರಿಗೆಲ್ಲ ನೀವೇ ಮಾಡ್ಕೊಳ್ಳಿ ಅಂತ ಸಾರಿದ್ರೆ ನಾವು ಗಾಳಿ ತಿನ್ನೋದಾ?' ಎಂದರಂತೆ. ಹಬೀಬನ ಕೋಪದಲ್ಲಿ ತಪ್ಪೇನೂ ಇಲ್ಲ. ಎರಡು ಮಳೆಗಾಲ ಕಳೆದರೂ ಇಬ್ಬರಿಗೂ ಮಾತಿಲ್ಲ.

ಮರ್ಫಿ ಟೌನಿನ ಮನೆಗೆ ಬಂದಾಗ ಹೆಂಡತಿ ಪಟಾಲಮ್ಮ ಹಲಸೂರಿನಲ್ಲಿ ಸೊಪ್ಪು ಮಾರಿ ಬಂದು ಬುಟ್ಟಿ ಕೊಡವುತ್ತಿದ್ದಾರೆ. ಒಳಗೆ ಕಣ್ಣೆತ್ತಿ ನೋಡಿದರೆ ಆಶ್ಚರ್ಯ. ಪಟಾಲಮ್ಮ ಚಾಪೆ ಹಾಸುವ ಜಾಗದ ಮೇಲೆಯೇ, ನೆತ್ತಿಯಲ್ಲಿ, ಬೆಳಕಿನ ಸಾಲು! ಊರ ಸೂರು ಕಾಯುವವರ ಮನೆಯೇ ಸೋರುತ್ತಿದೆ.

"ಏನಮ್ಮ ಇದು?"

"ಇವನನ್ನೇ ಕೇಳಿ. ಬೇರೆಯವರು ಮುಟ್ಟಕೂಡ್ದು, ತಾನೇ ಹತ್ತಬೇಕು. ಹತ್ತಕ್ಕೆ ನಾನು ಬಿಡಲ್ಲ." ಪಟಾಲಮ್ಮ ಗಂಡನ ಎಡಪಾದ ಹಿಡಿದು ತಿರುಗಿಸುತ್ತಾರೆ. ಅಂಗಾಲಿನಲ್ಲಿ ಸುಟ್ಟ ಕಲೆ. "ಕೆಂಡ ತುಳಿದವ್ನೆ. ಗೊತ್ತಾಗಿಲ್ಲ. ವಾಸನೆ ಬಂತು ಅಂತ ನಾನು ಕೂಗ್ಕೊಂಡೆ."

ಬೆನ್ಸನ್ ಟೌನಿನಲ್ಲಿ ಕಾಲು ನೋಡಿಕೊಂಡದ್ದು ಏಕೆಂದು ಈಗ ತಿಳಿಯುತ್ತದೆ. ಮುನಿವೆಂಕಟಪ್ಪ ತಲೆ ತಗ್ಗಿಸಿ ಹೇಳುತ್ತಾರೆ: "ಹೆಂಚಿನ ಮೇಲೆ ಬರಿಗಾಲಲ್ಲೇ ನಡೀಬೇಕು. ಯಾವ ಹೆಂಚು ಕೂತೈತೆ, ಯಾವ್ದು ಅಲ್ಲಾಡುತ್ತೆ ಅಂತ ಹೇಳೋದು ಪಾದ. ಈ ಪಾದ ಈಗ ಏನೂ ಹೇಳಲ್ಲ. ಆದ್ರೂ ನನ್ನ ಸೂರಿಗೆ ಇನ್ನೊಬ್ಬನ್ನ ಹತ್ತಿಸಿದ್ರೆ ನಾನ್ಯಾತರ ಹೆಂಚಿನೋನು?"

ಪಟಾಲಮ್ಮ ಬುಟ್ಟಿ ಕೆಳಗಿಡುತ್ತಾರೆ. "ಊರಿಗೆಲ್ಲ ಕೇಳ್ತೀಯಲ್ಲ, ಇವತ್ತು ನಾನು ಕೇಳ್ತೀನಿ. ನೀನು ಹತ್ತಿ, ಕೆಟ್ಟರೆ ಎಲ್ಲಿ ಬೀಳುತ್ತೆ?"

ಮುನಿವೆಂಕಟಪ್ಪ ಬಾಗಿಲಾಚೆ ಆಕಾಶ ನೋಡುತ್ತಾರೆ. ಪೂರ್ವಕ್ಕೆ ಮೋಡ ಕಟ್ಟುತ್ತಿದೆ. ನನ್ನ ಕಡೆ ತಿರುಗುತ್ತಾರೆ. "ಬ್ಲಾಕ್‌ಪಲ್ಲಿ ಕಡೆ ಹೋಗ್ತೀರಾ ಸ್ವಾಮಿ? ಹಬೀಬಂಗೆ ಹೇಳ್ಬೇಕಿತ್ತು."

ಹೇಳುತ್ತೇನೆ. ಮರುದಿನ ಬೆಳಗಿನ ಜಾವವೇ ಹಬೀಬ್ ಏಣಿ ಹೊತ್ತು ಹಾಜರು. ಬಾಗಿಲಲ್ಲಿ ನಿಂತು, ಎರಡು ವರ್ಷದ ಮೇಲೆ ಆಡುವ ಮೊದಲ ಮಾತು: "ಏನು ಮೇಸ್ತ್ರಿ, ಇದನ್ನ ನೀನೇ ಮಾಡ್ಕೋಬಹುದಿತ್ತಲ್ಲ?"

ಬೀದಿಯವರೆಲ್ಲ ನಗುತ್ತಾರೆ. ಮುನಿವೆಂಕಟಪ್ಪ ನಗುವುದಿಲ್ಲ. "ಕೆಟ್ಟರೆ ಇವಳ ತಲೆ ಮೇಲೆ ಬೀಳುತ್ತೆ. ಕಸುಬಿನವನು ಬೇಕಾಗಿತ್ತು, ಹೇಳಿ ಕಳಿಸ್ದೆ. ಹತ್ತು."

ಹಬೀಬನ ನಗು ನಿಲ್ಲುತ್ತದೆ. ಚಪ್ಪಲಿ ಬಿಟ್ಟು ಏಣಿ ಹತ್ತುತ್ತಾರೆ. ಮುನಿವೆಂಕಟಪ್ಪ ಒಳಗೆ ಬಾಗಿಲು ಮುಚ್ಚಿ ಹೆಂಡತಿಯ ಚಾಪೆಯ ಮೇಲೆ ಅಂಗಾತ ಮಲಗುತ್ತಾರೆ. ಬಿಸಿಲೇರುತ್ತದೆ, ಚುಕ್ಕಿಗಳು ಮೂಡುತ್ತವೆ. ಕೋಲಿನಿಂದ ಒಳಗಿನಿಂದಲೇ ಹೆಂಚು ಕುಟ್ಟುತ್ತಾ ಕೂಗುತ್ತಾರೆ: "ಇಲ್ಲಿ. ಇನ್ನೂ ಎಡಕ್ಕೆ. ಅದಲ್ಲ ಮಾರಾಯ, ಅದು ಬರೀ ತೋರುತ್ತೆ. ಹಾ, ಅದೇ! ಅಲ್ಲಿ ಗಾರೆ ಒತ್ತು." ಮೇಲೆ ಹಬೀಬನ ಪಾದ, ಕೆಳಗೆ ಇವರ ಕಣ್ಣು. ಸಾಲಿನ ಚುಕ್ಕಿಗಳು ಒಂದೊಂದಾಗಿ ಆರುತ್ತವೆ.

"ಬೆನ್ಸನ್ ಟೌನಲ್ಲೂ ಒಂದು ನೆತ್ತಿ ಐತೆ," ಕೆಳಗಿನಿಂದ ಇವರು. "ಬರ್ತೀಯಾ?"

"ಮೊಳೆ ಹೊಡೆಯೋದಿದ್ರೆ ಅದನ್ನೂ ನಾನೇ ಹೊಡೀತೀನಿ. ಬಾಯ್ಮುಚ್ಕೊಂಡು ಇರೋದಾದ್ರೆ ಬರ್ತೀನಿ," ಮೇಲಿನಿಂದ ಹಬೀಬ್. ಪಟಾಲಮ್ಮ ಸೆರಗಿನಲ್ಲಿ ಬಾಯಿ ಮುಚ್ಚಿ ನಗುತ್ತಾರೆ.

ಕೊನೆಯ ಗಾರೆ ಬೀಳುವ ಸದ್ದು. "ಮೇಸ್ತ್ರಿ, ಈಗ ಹೆಂಗೈತೆ?"

ಏನೂ ಕಾಣದ ಆ ಕೋಣೆಯಲ್ಲಿ, ಹಳೆಯ ಹೆಂಚಿನವನ ದನಿಯೊಂದೇ ಕೇಳಿಸುತ್ತದೆ. ಅದರಲ್ಲಿ ಹೆಮ್ಮೆಯಿದೆ.

"ಕತ್ತಲಾಯ್ತು ಕಣೋ. ಇಳಿ."