ಹೊಲದ ವಾಸನೆ, ಒಲೆಯ ವಾಸನೆ

ಜೋಳವನ್ನು ಮೂಸಿ ನೋಡಿ ಕೊಳ್ಳುವವರನ್ನು ನೀವು ಕಂಡಿದ್ದೀರೋ ಇಲ್ಲವೋ ನಾನರಿಯೆ. ರೋಣದ ಪೇಟೆಯಲ್ಲಿ ಕಾಳಿನ ವ್ಯಾಪಾರ ಮಾಡುತ್ತಿದ್ದ ನನ್ನ ಸ್ನೇಹಿತ ಇಮಾಮಸಾಬರು ಮಾತ್ರ ಒಂದು ಹಿಡಿ ಕಾಳನ್ನು ಅಂಗೈಯಲ್ಲಿಟ್ಟು, ಬಾಯುಸಿರಿನಿಂದ ತುಸು ಬೆಚ್ಚಗಾಗಿಸಿ, ಕಣ್ಣು ಮುಚ್ಚಿ ಮೂಗಿಗೆ ಹಿಡಿದು, ಇದು ಸವಡಿಯದು, ಇದು ಅಬ್ಬಿಗೇರಿಯದು ಎಂದು ಹೇಳಿಬಿಡುತ್ತಿದ್ದರು.

"ಕರಿ ಮಣ್ಣಿನ ಎರಿ ಹೊಲ ಎಲ್ಲಾ ಒಂದಽ ಕಾಣಸ್ತಾವ್ರಿ ಮಾಸ್ತರ, ಆದ್ರ ಊರೂರಿನ ಮಣ್ಣಿಗೆ ಬ್ಯಾರೆ ಬ್ಯಾರೆ ವಾಸನಿ," ಎನ್ನುತ್ತಿದ್ದರು.

ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುವ ನನಗೆ ಪರೀಕ್ಷಿಸದೆ ನಂಬುವುದು ಕಷ್ಟ. ಎರಡೂ ಊರುಗಳಿಂದ ನಾಲ್ಕು ನಾಲ್ಕು ಮನೆಯ ಜೋಳ ತರಿಸಿ, ಗುರುತಿಲ್ಲದ ಪೊಟ್ಟಣ ಕಟ್ಟಿ, ಅಂಗಡಿಯಲ್ಲಿ ಜನ ಕೂಡಿದ್ದ ಹೊತ್ತಿನಲ್ಲೇ ಅವರ ಮುಂದಿಟ್ಟೆ. ಅವರು ಎಂಟನ್ನೂ ಮೂಸಿ, ಎಂಟೂ ಅಬ್ಬಿಗೇರಿಯವೇ ಎಂದರು. ನಾನು ಉತ್ತರ ಹೇಳಿದಾಗ ಯಾರೋ ನಕ್ಕರು. ಇಮಾಮಸಾಬರು ಪೊಟ್ಟಣಗಳನ್ನು ಒಂದೊಂದಾಗಿ ಮಡಚಿ ನನ್ನ ಕೈಗೆ ಕೊಟ್ಟರು. ಅಂದಿನಿಂದ ಅವರು ಕಾಳನ್ನು ಕಣ್ಣಿನಲ್ಲಷ್ಟೇ ನೋಡಿ ದರ ಹೇಳತೊಡಗಿದರು. ಗೆದ್ದವನು ನಾನು, ಆದರೆ ಅವರ ಅಂಗಡಿಯ ಮುಂದೆ ಹಾಯುವಾಗ ತಲೆ ತಗ್ಗಿಸುವವನೂ ನಾನೇ ಆದೆ.

ಆ ಮಳೆಗಾಲ ಗಜೇಂದ್ರಗಡದ ಪ್ರಕಾಶ ರಜೆಗೆ ಬಂದ. ನನ್ನ ಸಹಪಾಠಿ, ಹಡಗಿನಲ್ಲಿ ಎಂಜಿನಿಯರ್. ಸ್ಕಾಟ್ಲೆಂಡಿನಿಂದ ಎರಡು ಬಾಟಲಿ ಮಾಲ್ಟ್ ವಿಸ್ಕಿ ತಂದಿದ್ದ. ಅವನ ಮನೆಯಲ್ಲಿ ಸಂಜೆ ಎರಡನ್ನೂ ಗುಟುಕು ಗುಟುಕಾಗಿ ಸವಿದೆವು. ಒಳನಾಡಿನ ಕಣಿವೆಯದರಲ್ಲಿ ಜೇನು, ಕಳಿತ ಹಣ್ಣು. ಕಡಲ ನಡುವಿನ ದ್ವೀಪದ್ದರಲ್ಲಿ ಹೊಗೆ, ಒದ್ದೆ ಗೋಣಿ, ದವಾಖಾನೆಯ ಗಾಯದ ಪಟ್ಟಿ. ಒಂದೇ ಬಾರ್ಲಿ ಧಾನ್ಯಕ್ಕೆ ಇಷ್ಟು ಬೇರೆ ಬೇರೆ ರುಚಿ ಎಲ್ಲಿಂದ ಬಂತು? ಊರಿನ ಮಣ್ಣಿನಿಂದಲೇ ಇರಬೇಕೆಂದುಕೊಂಡಾಗ ಇಮಾಮಸಾಬರ ನೆನಪಾಯಿತು. ಅವರು ಮದ್ಯವನ್ನು ಮುಟ್ಟುವವರಲ್ಲ. ಆದರೆ ಪ್ರಕಾಶನ ಬಳಿ ಆ ಎರಡೂ ಕಡೆಯ ಭಟ್ಟಿಯವರು ನೆನಪಿಗೆಂದು ಕೊಟ್ಟಿದ್ದ, ಮೊಳಕೆ ಬರಿಸಿ ಒಣಗಿಸಿದ ಬಾರ್ಲಿಯ ಪೊಟ್ಟಣಗಳಿದ್ದವು.

ಮರುದಿನ ಅಂಗಡಿಯಲ್ಲಿ ಬೇರೆ ಯಾರೂ ಇಲ್ಲದಾಗ ಪ್ರಕಾಶನೂ ನಾನೂ ಹೋದೆವು. ಇದು ಮದ್ಯಕ್ಕೆ ಬಳಸುವ ಕಾಳು, ಬೇಡವೆಂದರೆ ಒಯ್ಯುತ್ತೇನೆ, ಇದು ಪರೀಕ್ಷೆಯೂ ಅಲ್ಲ ಎಂದೆ.

"ಕಾಳು ಕಾಳಽ ಅಲ್ಲೇನ್ರಿ, ಕೊಡ್ರಿ," ಎಂದರು.

ಬಹಳ ಹೊತ್ತು ಮೂಸಿದರು. "ಕಾಳು ಎರಡೂ ಒಂದಽ ಸೀಮಿದು. ಇದಕ್ಕ ಹೊಗಿ ಕುಡಿಸ್ಯಾರ. ಇದು ಹೊಲದ ವಾಸನಿ ಅಲ್ರಿ, ಒಲಿ ವಾಸನಿ. ಅಲ್ಲೆ ಏನ್ ಸುಡ್ತಾರ?"

ಪ್ರಕಾಶ ಬೆರಗಾದ. ಎರಡೂ ಕಡೆಗೆ ಬಾರ್ಲಿ ಬರುವುದು ಒಂದೇ ಸೀಮೆಯಿಂದಂತೆ. ದ್ವೀಪದಲ್ಲಿ ಮರಗಳು ಕಡಿಮೆ. ಹಾಗಾಗಿ ಗಿಡಗಂಟಿ ಕೊಳೆತು ಕಪ್ಪಾದ ಜೌಗುಮಣ್ಣನ್ನು ಇಟ್ಟಂಗಿಯಂತೆ ಕತ್ತರಿಸಿ, ಒಣಗಿಸಿ, ಸುಟ್ಟು, ಆ ಹೊಗೆಯಲ್ಲಿ ಕಾಳು ಒಣಗಿಸುತ್ತಾರಂತೆ. ನೆಲವು ಬೇರಿನ ದಾರಿ ಬಿಟ್ಟು ಬೆಂಕಿಯ ದಾರಿಯಿಂದ ಕಾಳಿಗೆ ಸೇರಿತ್ತು.

ಇಮಾಮಸಾಬರು ಹೊಗೆಯ ಕಾಳನ್ನು ಇನ್ನೊಮ್ಮೆ ಮೂಸಿದರು. ಆಮೇಲೆ ಎದ್ದು ಚಪ್ಪಲಿ ಮೆಟ್ಟಿದರು. "ಮಾಸ್ತರ, ಸವಡಿಗೆ ಹೋಗೂಣ ನಡೀರಿ."

ಮೂವರೂ ಬಸ್ಸು ಹಿಡಿದೆವು. ಸವಡಿಯಲ್ಲಿ, ನಾನು ಜೋಳ ತರಿಸಿದ್ದ ಮನೆಯ ಬಸಪ್ಪನನ್ನು ಅವರು ಹೊಲದ ಬಗ್ಗೆ ಏನೂ ಕೇಳಲಿಲ್ಲ. "ಜ್ವಾಳ ಎಲ್ಲೆ ಇಡ್ತೀರಿ?" ಎಂದರು.

"ಚೀಲದಾಗರಿ. ಹಗೇವು ಹೋದ ವರ್ಷ ಮುಚ್ಚಿಬಿಟ್ವಿ. ನಮ್ಮ ಓಣ್ಯಾಗ ದ್ಯಾಮವ್ವಂದೊಂದಽ ಉಳದೈತಿ."

ಹಗೇವೆಂದರೆ ನೆಲದಲ್ಲಿ ತೋಡಿ, ಹುಲ್ಲು ಹಾಸಿ, ಜೋಳ ತುಂಬಿ ಮುಚ್ಚುವ ಆಳದ ಕುಣಿ. ಅಬ್ಬಿಗೇರಿಯ ಆ ಮನೆಗಳವರು ಅದನ್ನು ಬಿಟ್ಟು ಎಷ್ಟೋ ಕಾಲವಾಗಿತ್ತು. ದ್ಯಾಮವ್ವ ಹಗೇವಿನಿಂದ ತೆಗೆದಿದ್ದ ಜೋಳವನ್ನು ಮೊರದಲ್ಲಿ ತಂದಳು. ಇಮಾಮಸಾಬರು ಒಂದು ಹಿಡಿ ಮೂಸಿ, ಅದೇ ಹಿಡಿಯನ್ನು ನನ್ನ ಮೂಗಿಗೆ ಹಿಡಿದರು. ಮಂದವಾದ ಹುಳಿ, ತಂಪು, ಮುಚ್ಚಿದ ನೆಲದ ಉಸಿರು. ನನ್ನಂಥವನಿಗೂ ತಿಳಿಯಿತು.

"ಮೂಗು ಖರೇನಽ ಹೇಳತಿತ್ರಿ," ಎಂದರು, "ನಾನಽ ಹಗೇವಿನ ವಾಸನೀನ ಹೊಲದ್ದು ಅಂತ ತಪ್ಪು ತಿಳಕೊಂಡಿದ್ದೆ."

ತಿರುಗಿ ಬರುವ ಬಸ್ಸಿನಲ್ಲಿ, ಜನರ ಮುಂದೆ ಹಾಗೆ ಮಾಡಬಾರದಿತ್ತು, ಮನಸ್ಸಿಗೆ ಹಚ್ಚಿಕೊಳ್ಳಬೇಡಿ ಎಂದೆ. ಅವರು ಕೇಳಿಸಿಕೊಂಡರೋ ಇಲ್ಲವೋ, ಮುಂದಿನ ಸೀಟಿನ ಪ್ರಕಾಶನ ಹೆಗಲು ತಟ್ಟಿದರು.

"ಅಲ್ರಿ, ಬರೂ ರಜಾಕ್ಕ ಆ ಮಣ್ಣಿನ ಇಟ್ಟಂಗಿ ಒಂದು ತರಾಕ ಆಗ್ತದೇನು? ನಾನು ಮಾಸ್ತರು ಕೂಡಿ ಜ್ವಾಳಕ್ಕ ಹೊಗಿ ಹಾಕಿ ನೋಡ್ತೀವಿ."