ಕಪ್ಪೆಯ ಪ್ರೋಟೀನಿಗೆ ಮೀನಂಗಡಿಯ ಐಸು

ಈಶ್ವರಮಂಗಲದ ಪರಮೇಶ್ವರ ಭಟ್ಟರು ಮೀನಂಗಡಿ ಎದುರಾದರೆ ರಸ್ತೆಯ ಆಚೆ ಬದಿಗೆ ದಾಟಿ ನಡೆಯುವವರು. ಈರುಳ್ಳಿಯ ವಾಸನೆಗೇ ಮುಖ ತಿರುಗಿಸುವವರು. ಅಂಥವರ ಮನೆಗೆ ಸೊಸೆಯಾಗಿ ಬಂದ ಅನಘಾ ಪುತ್ತೂರಿನ ಕಾಲೇಜೊಂದರಲ್ಲಿ ಕಪ್ಪೆಯ ಮೇಲೆ ಸಂಶೋಧನೆ ಮಾಡುತ್ತಿದ್ದಳು. ಒಂದೇ ಕಪ್ಪೆಯ ಚರ್ಮ, ಯಕೃತ್ತು, ಹೃದಯ, ತೊಡೆಯ ಸ್ನಾಯು ಇವುಗಳಲ್ಲಿ ಯಾವ ಪ್ರೋಟೀನು ಎಲ್ಲಿ ಹೆಚ್ಚು ಎಂದು ಹೋಲಿಸುವುದು ಅವಳ ಕೆಲಸ. ಕೊಲ್ಲುವಂತಿಲ್ಲ, ಸತ್ತದ್ದು ಸಿಕ್ಕಿದರೆ ತೆಗೆದುಕೊಳ್ಳಲು ಅರಣ್ಯ ಇಲಾಖೆಯ ಅನುಮತಿ ಇತ್ತು.

ಮಳೆಗಾಲದ ಒಂದು ಬೆಳಿಗ್ಗೆ ಗೇಟಿನ ಎದುರೇ ಅಂಗೈಗಿಂತ ದೊಡ್ಡ ಗೋಂಕರು ಕಪ್ಪೆಯೊಂದು ಜೀಪಿನಡಿ ಸಿಕ್ಕಿ ಸತ್ತಿತು. ಅನಘಾ ಹಿತ್ತಿಲಲ್ಲಿ ಕುಳಿತು ಬೇಕಾದ್ದನ್ನು ಕೊಯ್ದು, ಪುಟ್ಟ ಕೊಳವೆಗಳಲ್ಲಿ ತುಂಬಿ, ಡಬ್ಬಿಯಲ್ಲಿಟ್ಟು, ಅತ್ತೆ ವಸುಮತಿಯನ್ನು ಹೇಗೋ ಒಪ್ಪಿಸಿ ಫ್ರೀಜರಿಗೆ ಸೇರಿಸಿದಳು. ಒಪ್ಪಿದ ವಸುಮತಿ ಫ್ರಿಜ್ಜಿನಲ್ಲಿದ್ದ ಹಾಲು, ಮೊಸರು, ದೋಸೆ ಹಿಟ್ಟನ್ನೆಲ್ಲ ಹೊರಗೆ ತಂದಿಟ್ಟರು. ಡಬ್ಬಿಯನ್ನು ತಣ್ಣಗೇ ಒಯ್ಯಲು ಕಾಲೇಜಿನಿಂದ ದೊಡ್ಡ ಫ್ಲಾಸ್ಕು ತರುತ್ತೇನೆಂದು ಸೊಸೆ ಬಸ್ಸು ಹತ್ತಿದಳು. ಅವಳು ಪುತ್ತೂರು ಮುಟ್ಟುವಷ್ಟರಲ್ಲಿ ಇಲ್ಲಿ ಲೈನಿನ ಮೇಲೆ ಮರ ಬಿದ್ದು ಕರೆಂಟು ಹೋಯಿತು.

ಸುದ್ದಿ ತಿಳಿದು ಅವಳು ಫೋನು ಮಾಡಿದಳು. "ಮಾವ, ಅದು ಕರಗಿದ್ರೆ ಪ್ರೋಟೀನೆಲ್ಲ ಹಾಳಾಗ್ತದೆ. ಎಲ್ಲಿಂದಾದ್ರೂ ಐಸು ಸಿಕ್ತದಾ?"

ಊರಲ್ಲಿ ಐಸು ಇರುವುದು ಒಂದೇ ಕಡೆ. ಭಟ್ಟರು ಡಬ್ಬಿಯನ್ನು ಕೈಚೀಲಕ್ಕೆ ಹಾಕಿ, ಕೊಡೆಯನ್ನು ಮುಖಕ್ಕೆ ಅಡ್ಡ ಹಿಡಿದು ನೌಷಾದನ ಮೀನಂಗಡಿಗೆ ಹೋದರು. ಮುಖವೇನೋ ಕಾಣಲಿಲ್ಲ, ಕೊಡೆ ಯಾರದೆಂದು ಮಾತ್ರ ಎಲ್ಲರಿಗೂ ಗೊತ್ತಿತ್ತು.

ಬೂತಾಯಿ ಮೀನು ತೂಗುತ್ತಿದ್ದ ನೌಷಾದ್ ಕೈ ನಿಲ್ಲಿಸಿದ. "ಎಂತ ಬೇಕು ಭಟ್ರೆ?"

"ಸ್ವಲ್ಪ ಐಸು. ಮೀನು ಮುಟ್ಟದ್ದು."

"ಚೀಲದಲ್ಲಿ ಎಂತ ಉಂಟು?"

ಸುಳ್ಳು ಹೇಳಿ ಅಭ್ಯಾಸವಿಲ್ಲದ ಭಟ್ಟರು ದನಿ ತಗ್ಗಿಸಿದರು. "ಕಪ್ಪೆಯ ಲಿವರು. ಹಾರ್ಟೂ ಉಂಟು."

ನೌಷಾದ್ ಅವರನ್ನೇ ನೋಡಿದ. "ನಾವು ಸಹ ಅದನ್ನೆಲ್ಲ ತಿನ್ನುದಿಲ್ಲ ಭಟ್ರೆ," ಎಂದ, ತುಂಬಾ ಮರ್ಯಾದೆಯಿಂದ.

ಭಟ್ಟರು ಬೆವರಿದರು. ತಿನ್ನಲಿಕ್ಕಲ್ಲ, ಹೋಲಿಸಲಿಕ್ಕೆ ಎಂದು ವಿವರಿಸತೊಡಗಿದರು. ಚರ್ಮಕ್ಕೆ ರೋಗ ತಡೆಯುವ ಕೆಲಸ, ತೊಡೆಗೆ ಹಾರುವ ಕೆಲಸ. ಕೆಲಸ ಬೇರೆಯಾದ ಹಾಗೆ ಪ್ರೋಟೀನೂ ಬೇರೆ. ಸೊಸೆ ಹೇಳುವಾಗ ಕಿವಿ ಮುಚ್ಚಿಕೊಂಡು ಕೇಳಿದ್ದೆಲ್ಲ ಈಗ ಬಾಯಿಗೆ ಬಂತು. ಗಿರಾಕಿಗಳು ಪ್ರಶ್ನೆ ಕೇಳಿದರು. ಯಾರೋ ಸ್ಟೂಲು ಕೊಟ್ಟರು. ನೌಷಾದ್ ಹೊಸ ಐಸಿನ ಗಡ್ಡೆ ಒಡೆದು ಡಬ್ಬಿಯ ಸುತ್ತ ತುಂಬಿದ. ಅನಘಾ ಫ್ಲಾಸ್ಕು ಹಿಡಿದು ಬಸ್ಸಿಳಿದಾಗ ಮಾವ ಮೀನಿನ ಬುಟ್ಟಿಗಳ ನಡುವೆ ಕುಳಿತು ಪಾಠ ಮಾಡುತ್ತಿದ್ದರು.

ಸುದ್ದಿ ಭಟ್ಟರಿಗಿಂತ ಮೊದಲೇ ಮನೆ ಸೇರಿತ್ತು. ವಸುಮತಿ ಮೆಟ್ಟಿಲಲ್ಲೇ ತಡೆದು, ಸ್ನಾನ ಮಾಡಿಯೇ ಒಳಗೆ ಬರಬೇಕೆಂದು ಬಾವಿಕಟ್ಟೆ ತೋರಿಸಿದರು.

ಕೆಲವು ತಿಂಗಳ ಮೇಲೆ ಅನಘಾ ಫಲಿತಾಂಶದ ಚಿತ್ರ ತಂದಳು: ಅಂಗಕ್ಕೊಂದು ಸಾಲು, ಸಾಲಿನ ತುಂಬ ಪ್ರೋಟೀನಿಗೊಂದರಂತೆ ನೀಲಿ ಗೆರೆಗಳು, ಒಂದರಂತೆ ಇನ್ನೊಂದಿಲ್ಲ. ಯಾವುದೂ ಹಾಳಾಗಿರಲಿಲ್ಲ. ಭಟ್ಟರು ಕನ್ನಡಕ ಹಾಕಿ ನೋಡಿ, ಲಿವರಿನ ಸಾಲು ಬಹಳ ಚಂದ ಬಂದಿದೆ ಎಂದು ಮೆಚ್ಚಿದರು. ಹೆಂಡತಿಗೂ ತೋರಿಸಲು ಅಡುಗೆಮನೆಗೆ ಹೋದರು.

"ಮೊದಲು ಊಟ ಆಗ್ಲಿ ಮಾರಾಯ್ರೆ," ಎಂದರು ವಸುಮತಿ, ಸಾರಿನ ಪಾತ್ರೆಗೆ ಮುಚ್ಚಳ ಹಾಕುತ್ತ.