ಮಾನಿಟರಿನ ಮೂಲೆಯ ದೀಪ

ಆಯುಧಪೂಜೆ ಮುಗಿದ ವಾರ ಶಿಡ್ಲಘಟ್ಟದ ನನ್ನ ರಿಪೇರಿ ಅಂಗಡೀಲಿ ಕೈತುಂಬ ಕೆಲಸ. ಕಂಪ್ಯೂಟರಿಗೂ ತೀರ್ಥ ಎರಚೋ ಜನ ನಮ್ಮೋರು. ಜಂಗಮಕೋಟೆಯ ಯಜಮಾನರೊಬ್ಬರು ಟವೆಲಿನಲ್ಲಿ ಸುತ್ತಿ ತಂದ ಮಾನಿಟರ್ ಬಿಚ್ಚಿದಾಗ, ಒಳಗೆ ಒಣಗಿದ ಕುಂಕುಮ ಕಂಡು ರೇಗಿಹೋಯಿತು.

“ಯಾರ್ರೀ ಇದಕ್ಕೆ ನೀರು ಹಾಕಿದ್ದು?”

“ನಾನೇ ಕಣಪ್ಪ. ಮಗಳಿದ್ದಾಗ ಬರೀ ಒಂದು ಬೊಟ್ಟು ಇಡ್ತಿದ್ಳು. ಅವಳು ತೀರಿಹೋದ್ಮೇಲೆ ಇದೇ ಮೊದಲ್ನೇ ಹಬ್ಬ. ನಂಗೆ ಗೊತ್ತಾಗ್ಲಿಲ್ಲ.”

ನಾನು ಮಲ್ಟಿಮೀಟರ್ ಎತ್ತಿಕೊಂಡೆ. ಫ್ಯೂಸಿನ ಎರಡು ತುದಿಗೂ ಮುಟ್ಟಿಸಿದೆ. ಚೆನ್ನಾಗಿದ್ದರೆ ಮೀಟರ್ ಬೀಪ್ ಅನ್ನಬೇಕು, ಅನ್ನಲಿಲ್ಲ. ಬೋರ್ಡ್ ಒರೆಸಿ ಬೇರೆ ಫ್ಯೂಸ್ ಹಾಕಿದೆ. ಐದು ವೋಲ್ಟ್ ಬಂತು, ಮೂಲೆಯ ಪುಟ್ಟ ದೀಪವೂ ಹತ್ತಿಕೊಂಡಿತು. ಪರದೆ ಮಾತ್ರ ಕಪ್ಪಾಗೇ ಉಳಿಯಿತು.

“ಚಿತ್ರ ಬರಲ್ಲ ಯಜಮಾನ್ರೇ, ಪರದೆ ಹೋಗಿದೆ. ಗುಜರಿಗೆ ಹಾಕ್ಬಿಡಿ.”

ಅವರು ಆ ದೀಪವನ್ನೇ ನೋಡುತ್ತಿದ್ದರು. “ಇದು ಹಿಂಗೇ ಉರೀತಿರುತ್ತಾ?”

“ಉರಿಯುತ್ತೆ. ಅದರಿಂದ ಏನು ಪ್ರಯೋಜನ?”

“ಅಷ್ಟು ಸಾಕಪ್ಪ. ಮಗಳು ಇದನ್ನ ಯಾವತ್ತೂ ಆರಿಸ್ತಿರಲಿಲ್ಲ. ಕರೆಂಟ್ ದಂಡ ಅಂತ ನಾನು ಬೈತಿದ್ದೆ. ಈಗ ಆ ರೂಮು ಕತ್ತಲಾಗಿದ್ರೆ ಅವಳಮ್ಮ ಒಳಕ್ಕೇ ಹೋಗಲ್ಲ.”

ಮತ್ತೆ ಟವೆಲಿನಲ್ಲಿ ಸುತ್ತಿಕೊಟ್ಟೆ. ಕೆಲಸ ಮುಗಿದ ಮೇಲೆ ಸ್ವಿಚ್ ಆರಿಸಿ ಅಂತ ಬಂದ ಗಿರಾಕಿಗೆಲ್ಲ ಉಪದೇಶ ಮಾಡೋದು ನನ್ನ ಚಾಳಿ. ಅವರಿಗೆ ಮಾತ್ರ, ಕರೆಂಟ್ ಹೋದರೂ ಆರದ ಹಾಗೆ ಒಂದು ಯುಪಿಎಸ್ ಇಟ್ಕೊಳ್ಳಿ ಅಂದೆ.